ಎರಡನೇ ಭಾನುವಾರ

ಒಬ್ಬನನ್ನು ಮರೆತುಬಿಟ್ಟೆ ಎಂದು ಊರಿಗೆಲ್ಲ ನಂಬಿಸಬಹುದು. ಅವನ ಹಲ್ಲನ್ನು ಮರೆಯುವುದು ಅಷ್ಟು ಸುಲಭವಲ್ಲ, ಅದರಲ್ಲೂ ಹಲ್ಲು ಕಟ್ಟುವುದೇ ನಿಮ್ಮ ಹೊಟ್ಟೆಪಾಡಾಗಿದ್ದರೆ.

ಜೋಸ್ಲಿನ್ ಮಣಿಪಾಲದ ಒಂದು ಡೆಂಟಲ್ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುತ್ತಾಳೆ. ಡಾಕ್ಟರುಗಳು ಪೇಶಂಟಿನ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಆ ಮಾಡೆಲ್ ನೋಡಿಕೊಂಡು ಹಲ್ಲು ತಯಾರಿಸುತ್ತಾಳೆ. ಅಚ್ಚಿನ ಜೊತೆ ಬರುವುದು ನಂಬರ್ ಮಾತ್ರ. ಯಾರ ಬಾಯಿ, ಯಾವ ಊರಿನವರು, ಅದೆಲ್ಲ ಅವಳಿಗೆ ಗೊತ್ತಾಗುವುದಿಲ್ಲ, ಬೇಕಾಗಿಯೂ ಇಲ್ಲ.

ಆ ಸೋಮವಾರ ಬಿಡಿಸಿದ ಮಾಡೆಲನ್ನು ಅಂಗೈಯಲ್ಲಿ ತಿರುಗಿಸಿದಾಗ ಅವಳು ಅದನ್ನು ಪುನಃ ಬೆಳಕಿಗೆ ಹಿಡಿದಳು. ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು ತುಸು ತಿರುಗಿ ನಿಂತಿತ್ತು. ಮುಂದಿನ ಹಲ್ಲೊಂದು ಅರ್ಧ ಇರಲಿಲ್ಲ.

ಕಾರ್ಕಳದಿಂದ ಕಾಪುವಿನವರೆಗೆ ವಕ್ರ ಕೋರೆಹಲ್ಲಿನವರು ಎಷ್ಟೋ ಜನ ಇದ್ದಾರೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಅಚ್ಚಿನ ಜೊತೆ ಬಂದಿದ್ದ ಪುಟ್ಟ ಪ್ಲಾಸ್ಟಿಕ್ ಚೀಲ ಬಿಡಿಸಿದಳು. ಅದರೊಳಗೆ ಕಳಚಿ ಬಂದ ಹಳೆಯ ಕ್ರೌನ್, ಅಂದರೆ ಮುರಿದ ಹಲ್ಲಿನ ಮೇಲೆ ತೊಡಿಸುವ ಕೃತಕ ಹಲ್ಲು, ಇತ್ತು. ತುದಿ ಬೇಕಾದ್ದಕ್ಕಿಂತ ಒಂದು ಎಳೆಯಷ್ಟು ಉದ್ದ. ಆ ತಪ್ಪು ಅವಳದೇ. ಕಲಿಯುವ ಕಾಲದಲ್ಲಿ ಅವಳು ಮೊದಲ ಸಲ ಸ್ವಂತ ಕೈಯಿಂದ ಮಾಡಿದ ಹಲ್ಲು ಅದು.

ಮಾಡೆಲ್ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಎರಡು ತುಂಡಾಯಿತು.

"ಎಂತ ಮಾರಾಯ್ತಿ," ಪಕ್ಕದ ಮೇಜಿನಿಂದ ಕುಶಲಕ್ಕ ಬಗ್ಗಿ ನೋಡಿದರು. ಲ್ಯಾಬಿನಲ್ಲಿ ಎಲ್ಲರಿಗಿಂತ ಹಿರಿಯರು ಅವರು. "ನಿನ್ನ ಕೈಯಿಂದ ಮಾಡೆಲ್ ಬಿದ್ದದ್ದು ನಾನು ನೋಡಿಯೇ ಇಲ್ಲ."

"ಜಾರಿತು, ಕುಶಲಕ್ಕ."

"ಜಾರಿದ್ದು ಕಾಣ್ತದೆ. ಇನ್ನು ಪೇಶಂಟನ್ನು ಪುನಃ ಕರೆಸಿ ಅಚ್ಚು ತೆಗೆಸಬೇಕು. ಮುಂದಿನ ಹಲ್ಲಲ್ವಾ, ಇಲ್ಲಿಗೇ ಬರಲಿ. ಬಣ್ಣ ನೀನೇ ನೋಡಿಬಿಡು."

ಬೇರೆ ಯಾರಾದರೂ ನೋಡಲಿ ಎಂದು ಹೇಳಲು ಜೋಸ್ಲಿನ್ ಬಾಯಿ ತೆರೆದಳು. ಕಾರಣ ಕೇಳಿದರೆ ಏನು ಹೇಳುವುದು? ಬಗ್ಗಿ ತುಂಡುಗಳನ್ನು ಹೆಕ್ಕಿದಳು.

ಆ ಹಲ್ಲು ಮುರಿದದ್ದು ಉಡುಪಿಯ ಅಜ್ಜರಕಾಡು ಮೈದಾನದಲ್ಲಿ. ಇಂಟರ್ ಕಾಲೇಜ್ ಮೀಟ್, ನಾನೂರು ಮೀಟರ್ ಹರ್ಡಲ್ಸ್. ಕಾರ್ಕಳದ ಲಿಯೋನೆಲ್ ಕೊನೆಯ ಹರ್ಡಲ್‌ಗೆ ಕಾಲು ತಾಗಿ ಮುಖ ಅಡಿಯಾಗಿ ಬಿದ್ದಿದ್ದ. ಫಸ್ಟ್ ಏಡ್ ಡಬ್ಬ ಹಿಡಿದು ಓಡಿದ ವಾಲಂಟಿಯರ್ ಹುಡುಗಿ ಜೋಸ್ಲಿನ್. ಬಾಯಿತುಂಬ ರಕ್ತ ಇಟ್ಟುಕೊಂಡು ಅವನು ಕೇಳಿದ್ದು, "ನಾನು ಎಷ್ಟನೆಯವ?" ಅವಳು ಹೇಳಿದ್ದು, "ಮೊದಲು ಬಾಯಿ ಮುಚ್ಚಿ." ಪ್ರೀತಿ ಶುರುವಾಗಲು ಅಷ್ಟು ಸಾಕಾಯಿತು.

ಅದು ಮುಗಿದ ಬಗೆಯನ್ನು ಮಾತ್ರ ಅವಳ ಊರಾದ ಕೆಮ್ಮಣ್ಣು ಇಡೀ ನೋಡಿತ್ತು. ಕ್ರೈಸ್ತರ ಮದುವೆಗೆ ಮೊದಲು ಮೂರು ಭಾನುವಾರ ಇಬ್ಬರ ಊರಿನ ಇಗರ್ಜಿಗಳಲ್ಲೂ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಮದುವೆಗೆ ಅಡ್ಡಿ ಏನಾದರೂ ಗೊತ್ತಿದ್ದವರು ಪಾದ್ರಿಗಳಿಗೆ ತಿಳಿಸಬೇಕು ಎನ್ನುತ್ತಾರೆ. ಮೊದಲ ಭಾನುವಾರ ಇವರಿಬ್ಬರ ಹೆಸರು ಓದಿದರು. ಎರಡನೇ ಭಾನುವಾರ ಜೋಸ್ಲಿನ್ ಹೊಸ ಚೂಡಿದಾರ್ ಹಾಕಿಕೊಂಡು ಮೂರನೇ ಬೆಂಚಿನಲ್ಲಿ ಕುಳಿತಿದ್ದಳು. ಪಾದ್ರಿಗಳು ಯಾರದೋ ಕಳೆದುಹೋದ ಕೊಡೆಯ ಸುದ್ದಿ ಹೇಳಿದರು, ಮಕ್ಕಳ ಧರ್ಮೋಪದೇಶದ ಸಮಯ ಹೇಳಿದರು, ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಇವರಿಬ್ಬರ ಹೆಸರು ಬರಲೇ ಇಲ್ಲ. ಆಮೇಲೆ ಒಂದೊಂದೇ ತಲೆ ಅವಳ ಕಡೆ ತಿರುಗಿತು.

ಲಿಯೋನೆಲ್‌ಗೆ ನ್ಯಾಷನಲ್ ಕ್ಯಾಂಪಿನಿಂದ ಕರೆ ಬಂದಿತ್ತು. ಶನಿವಾರ ಅವಳಿಗೆ ಒಂದು ಮೆಸೇಜ್ ಕಳಿಸಿದ್ದ: ‘ಒಂದು ಕೆಲಸ ಬಂದಿದೆ. ಮತ್ತೆ ಮಾತಾಡುವ.’ ಅದೇ ಸಂಜೆ ಪಾದ್ರಿಗಳಿಗೂ ಫೋನ್ ಮಾಡಿ ಓದುವುದು ಬೇಡ ಎಂದಿದ್ದ. ಜೋಸ್ಲಿನ್‌ಗೆ ಗೊತ್ತಿರಬಹುದು ಎಂದು ಅವರು ಎಣಿಸಿದ್ದರು.

ಆ ‘ಮತ್ತೆ’ ಹನ್ನೆರಡು ವರ್ಷ ಬರಲಿಲ್ಲ. ಅವನು ದೇಶದ ಪರವಾಗಿ ಓಡಿದ, ಪದಕ ಗೆದ್ದ. ಪೇಪರಿನಲ್ಲಿ ಅವನ ಫೋಟೋ ಬಂದ ದಿನ ಜೋಸ್ಲಿನ್‌ಳ ತಾಯಿ ಝೀಟಾಬಾಯಿ ಅದೇ ಪುಟವನ್ನು ಹಾಸಿ ಅದರ ಮೇಲೆ ಬಂಗುಡೆ ಕತ್ತರಿಸಿದರು. ತಂದೆ ತೀರಿಹೋದ ಮೇಲೆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಆ ಎರಡನೇ ಭಾನುವಾರದ ನಂತರ ಜೋಸ್ಲಿನ್ ಒಂದು ರೂಢಿ ಮಾಡಿಕೊಂಡಳು. ಪ್ರಕಟಣೆಗಳ ಹೊತ್ತಾದ ಕೂಡಲೇ ಎದ್ದು, ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ, ಬಾವಿಯ ಹತ್ತಿರದ ಬಾದಾಮಿ ಮರದ ಕೆಳಗೆ ನಿಲ್ಲುವುದು. ಅಲ್ಲಿಗೆ ಮೈಕಿನ ಸದ್ದು ಬರುತ್ತದೆ, ಮಾತು ತಿಳಿಯುವುದಿಲ್ಲ. ಕೊನೆಯ ಆಶೀರ್ವಾದಕ್ಕೆ ಒಳಗೆ ಬರುತ್ತಾಳೆ. ಯಾರದೋ ಮದುವೆಯ ಹೆಸರು ಓದುತ್ತಿರಬಹುದು ಎಂದುಕೊಂಡರೇ ಅವಳ ಕೈ ಬೆವರುತ್ತದೆ. ನಾಚಿಕೆ ಯಾವತ್ತೋ ಹೋಗಿತ್ತು. ಉಳಿದದ್ದು ಹೆದರಿಕೆ.

ಗುರುವಾರ ಅವನು ಲ್ಯಾಬಿಗೆ ಬಂದ.

ಕಿವಿಯ ಬಳಿ ಕೂದಲು ನರೆತಿತ್ತು. ಬಲಗಾಲನ್ನು ಮೆಟ್ಟಿಲ ಮೇಲೆ ಜೋಪಾನವಾಗಿ ಇಡುತ್ತಿದ್ದ. ಓಡುವಾಗ ನೆಲಕ್ಕೆ ಕಾಲೇ ತಾಗದವನ ಹಾಗೆ ಕಾಣುತ್ತಿದ್ದವನನ್ನು ಹೀಗೆ ನೋಡಿ ಜೋಸ್ಲಿನ್‌ಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಮತ್ತು ಅದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಮಾಸ್ಕನ್ನು ಕಣ್ಣಿನ ಕೆಳಗಿನವರೆಗೂ ಎಳೆದುಕೊಂಡಳು.

"ಕಿಟಕಿಯ ಹತ್ತಿರ ಬನ್ನಿ. ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಬೇಕು."

"ಬನ್ನಿ ಅಂತ ಹೇಳಲಿಕ್ಕೆ ಯಾವಾಗ ಶುರು ಮಾಡಿದ್ದು ಜೋಸಿ?"

"ಪೇಶಂಟ್‌ಗಳಿಗೆಲ್ಲ ನಾನು ಹಾಗೆಯೇ ಹೇಳುವುದು. ಕಾರ್ಕಳದಲ್ಲಿ ಡೆಂಟಿಸ್ಟ್ ಇಲ್ವಾ?"

"ಉಂಟು. ಆದರೆ ಮಾಡಿದವರ ಹತ್ತಿರವೇ ರಿಪೇರಿ ಮಾಡಿಸಬೇಕಲ್ವಾ? ಓಟ ಬಿಟ್ಟೆ. ಈಗ ನಿಟ್ಟೆಯ ಕಾಲೇಜಿನಲ್ಲಿ ಕೋಚ್. ನೀನು ಇಲ್ಲಿ ಇದ್ದೀಯ ಅಂತ ಗೊತ್ತಾಗಿಯೇ ಬಂದದ್ದು."

ಕುಶಲಕ್ಕನ ಕೈಯಲ್ಲಿದ್ದ ಉಪಕರಣದ ಸದ್ದು ನಿಂತಿತು. ಜೋಸ್ಲಿನ್ ಬಣ್ಣದ ಮಾದರಿ ಹಲ್ಲುಗಳ ಪಟ್ಟಿ ಎತ್ತಿಕೊಂಡಳು.

"ಬಾಯಿ ತೆರೆಯಿರಿ. ಈಗ ಮಾತಾಡುವುದು ನಾನು. ನೀವು ಬಾಯಿ ತೆರೆದಿಟ್ಟು ಕೇಳಬೇಕು."

ಅವನು ಬಾಯಿ ತೆರೆದ. ಅವಳು ಒಂದು ಮಾದರಿ ಹಲ್ಲನ್ನು ಅವನ ಹಲ್ಲಿನ ಪಕ್ಕ ಹಿಡಿದಳು, ತೆಗೆದಳು, ಇನ್ನೊಂದು ಹಿಡಿದಳು. ಅವನ ಉಸಿರು ಅವಳ ಬೆರಳಿಗೆ ತಾಗುತ್ತಿತ್ತು. ಅವನ ಕಣ್ಣು ಅವಳ ಹುಬ್ಬಿನ ಮೇಲಿತ್ತು, ಆಮೇಲೆ ಹಣೆಯ ಮೇಲೆ, ಆಮೇಲೆ ಮಾಸ್ಕಿನ ಅಂಚಿನಲ್ಲಿ. ಎಷ್ಟೋ ವರ್ಷ ಮನಸ್ಸಿನಲ್ಲೇ ಬರೆದು ತಿದ್ದಿ ಇಟ್ಟುಕೊಂಡಿದ್ದ ಬೈಗುಳಗಳೆಲ್ಲ ಅವಳಿಗೆ ಈಗ ಬೇಕಾಗಿದ್ದವು. ಒಂದೂ ಬಾಯಿಗೆ ಬರಲಿಲ್ಲ.

"ಆ ಭಾನುವಾರ," ಅವಳೆಂದಳು, "ನಾನು ಮೂರನೇ ಬೆಂಚಿನಲ್ಲಿ ಕೂತಿದ್ದೆ."

ಅಷ್ಟೇ. ಅವನ ಕಣ್ಣು ತುಂಬಿ ಬಂತು. ಬಾಯಿ ತೆರೆದುಕೊಂಡೇ ಇದ್ದದ್ದರಿಂದ ಅವನಿಗೆ ಏನೂ ಹೇಳಲಾಗಲಿಲ್ಲ. ಅವಳು ಬಣ್ಣದ ನಂಬರ್ ಬರೆದುಕೊಂಡಳು, ಅದೂ ತಪ್ಪಾಗಿ.

ತಪ್ಪು ನಂಬರಿನಿಂದಾಗಿ ಅವನು ಇನ್ನೊಂದು ಸಲ ಬರಬೇಕಾಯಿತು. ಹಲ್ಲು ಕೂರಿಸಿದ ಮೇಲೂ ಬಂದ, ಕಾರಣ ಇಲ್ಲದೆ. "ಹಳೆಯದರ ಹಾಗೆಯೇ ತುಸು ಉದ್ದ ಬೇಕಿತ್ತು," ಎಂದ. "ಇದು ತುಂಬಾ ಸರಿಯಾಗಿದೆ, ನಾಲಿಗೆಗೆ ಅಭ್ಯಾಸವೇ ಆಗುವುದಿಲ್ಲ." ಅವಳು ನಗಲಿಲ್ಲ. ಅವನು ಹೋದ ಮೇಲೆ ನಕ್ಕಳು, ಕುಶಲಕ್ಕ ನೋಡುತ್ತಿದ್ದಾರೆಂದು ಗೊತ್ತಾಗಿ ಕೆಮ್ಮಿದಳು.

ನವೆಂಬರ್ ಕೊನೆಗೆ ಒಂದು ಸಂಜೆ ಇಬ್ಬರೂ ಕಾಪುವಿನ ಲೈಟ್‌ಹೌಸಿನ ಕೆಳಗೆ ಬಂಡೆಯ ಮೇಲೆ ಕುಳಿತಿದ್ದರು. ಅವನು ನೆಪ ಹೇಳಲಿಲ್ಲ. ಅದು ಅವಳಿಗೆ ಹಿಡಿಸಿತು.

"ಕ್ಯಾಂಪಿಗೆ ಕರೆದದ್ದು ಸುಳ್ಳಲ್ಲ. ಆದರೆ ಮದುವೆ ಮುಗಿಸಿ ಹೋಗಬಹುದಿತ್ತು. ನನಗೆ ಹೆದರಿಕೆ ಆಯ್ತು, ಜೋಸಿ."

"ನನ್ನದಾ?"

"ಸೋತು ವಾಪಸ್ ಬಂದರೆ ನಿನ್ನ ಮುಖ ನೋಡುವುದು ಹೇಗೆ ಅಂತ. ಗೆದ್ದ ಮೇಲೆ ಇನ್ನೂ ಹೆಚ್ಚು ಹೆದರಿಕೆ ಆಯ್ತು. ಯಾವ ಬಾಯಲ್ಲಿ ಫೋನ್ ಮಾಡುವುದು? ಹತ್ತು ಹರ್ಡಲ್ ಹಾರುವವನಿಗೆ ನಿಮ್ಮ ಇಗರ್ಜಿಯ ಮೆಟ್ಟಿಲು ಹತ್ತಲಿಕ್ಕೆ ಧೈರ್ಯ ಬರಲಿಲ್ಲ."

"ಈಗ ಹೆದರಿಕೆ ಹೋಯ್ತಾ?"

"ಇಲ್ಲ. ಆದರೆ ಓಡಲಿಕ್ಕೆ ಮೊಣಕಾಲು ಇಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು. ಇವನ ಜೊತೆ ಹೀಗೆ ನಗುತ್ತಿದ್ದದ್ದು ಆ ಮೊದಲ ಭಾನುವಾರದವರೆಗೆ ಮಾತ್ರ. ಅವನು ಮದುವೆಯ ಮಾತೆತ್ತಿದಾಗ ಅವಳು ಸಮುದ್ರದ ಕಡೆ ಮುಖ ಮಾಡಿಯೇ ಹೇಳಿದಳು:

"ಮದುವೆಗೆ ನನಗೆ ಹೆದರಿಕೆ ಇಲ್ಲ. ಎರಡನೇ ಭಾನುವಾರದ ಹೆದರಿಕೆ. ಆ ಸಲದ ಹಾಗೆ ಪುನಃ ಒಮ್ಮೆ ಆದರೆ ನಾನು ತಡೆದುಕೊಳ್ಳುವುದಿಲ್ಲ, ಲಿಯೋನೆಲ್. ಆಮೇಲೆ ನೀನು ಮಾಡಿದ ಯಾವ ಫೋನಿಗೂ ಉತ್ತರ ಇರುವುದಿಲ್ಲ." ಬಾದಾಮಿ ಮರದ ವಿಷಯವನ್ನೂ ಹೇಳಿದಳು. ಅಷ್ಟು ವರ್ಷ ಅವಳು ಯಾರಿಗೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಅವನು ಅವಳ ಕಡೆ ತಿರುಗಿ ಕುಳಿತ. "ಆ ದಿನ ನಾನು ಕಾರ್ಕಳದಲ್ಲಿ ಕೂರುವುದಿಲ್ಲ. ನೀನು ಎಲ್ಲಿರುತ್ತೀಯೋ ಅಲ್ಲಿಗೆ ಬರ್ತೇನೆ," ಎಂದ.

ಮದುವೆ ನಿಶ್ಚಯವಾಗಿ, ಜನವರಿಯಲ್ಲಿ ಪ್ರಕಟಣೆಯ ಮೊದಲ ಭಾನುವಾರ ಬಂತು. ಹೆಸರು ಓದುವಾಗ ಜೋಸ್ಲಿನ್ ಮರದ ಕೆಳಗೇ ಇದ್ದಳು. ಝೀಟಾಬಾಯಿ ಹೊರಗೆ ಬಂದು, "ಓದಿದರು, ಸ್ಪಷ್ಟ ಓದಿದರು," ಎಂದು ಅವಳ ಕೈ ಹಿಚುಕಿದರು. ನೆರೆಮನೆಯ ಶಾರ್ಲೆಟ್ ತಬ್ಬಿಕೊಂಡು ಹೇಳಿದಳು, "ಈ ಸಲವಾದರೂ ಎಲ್ಲ ಸರಿಯಾಗಿ ಆಗಲಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಅದು ವಾರವಿಡೀ ಜೋಸ್ಲಿನ್‌ಳ ಕಿವಿಯಲ್ಲೇ ಇತ್ತು.

ಶನಿವಾರ ಸಂಜೆ ಇಬ್ಬರೂ ಉಡುಪಿಗೆ ಹೋಗಿ ಮದುವೆಯ ಕೆಂಪು ಸೀರೆ ತರುವುದೆಂದು ಮಾತಾಗಿತ್ತು. ಅವನು ಅಂಬಲಪಾಡಿ ಜಂಕ್ಷನ್ನಿಗೆ ಬರಬೇಕಿತ್ತು. ಅವಳು ಬೇಗನೇ ಬಂದು ನಿಂತಳು. ಕಾರ್ಕಳದಿಂದ ಬರುವವನಿಗೆ ದಾರಿಯಲ್ಲಿ ಟ್ರಾಫಿಕ್ ಇರಬಹುದು ಎಂದುಕೊಂಡಳು. ಬಸ್ಸುಗಳು ಬಂದವು, ಹೋದವು. ಎದುರಿನ ಅಂಗಡಿಯವನು ಲೈಟ್ ಹಾಕಿದ. ಆಗ ಫೋನ್ ಕಂಪಿಸಿತು.

‘ಒಂದು ಕೆಲಸ ಬಂದಿದೆ. ಮತ್ತೆ ಮಾತಾಡುವ.’

ಒಂದಕ್ಷರವೂ ಬದಲಾಗಿರಲಿಲ್ಲ. ಅವಸರದಲ್ಲಿರುವ ಮನುಷ್ಯ ಬರೆಯುವುದೇ ಹಾಗೆ, ಹಿಂದೆ ಏನು ಬರೆದಿದ್ದೆ ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವನಿಗೆ ನೆನಪಿರಲಿಲ್ಲ. ಅವಳಿಗಿತ್ತು. ಈಗ ಅವನು ಪಾದ್ರಿಗಳಿಗೆ ಫೋನ್ ಮಾಡುತ್ತಿರಬಹುದು. ಮುಂದಿನ ಕರೆ ತನಗೇ ಬರಬಹುದು, ಆ ಸಲ ಹೇಳದೆ ಹೋದದ್ದನ್ನು ಈ ಸಲ ಬಾಯಿಬಿಟ್ಟು ಹೇಳಲು. ಅದನ್ನು ಕೇಳುವ ಶಕ್ತಿ ಅವಳಿಗಿರಲಿಲ್ಲ. ಫೋನ್ ಸ್ವಿಚ್ ಆಫ್ ಮಾಡಿದಳು. ಮನೆಗೆ ಬಂದು ಅದನ್ನು ಅಕ್ಕಿಯ ಡಬ್ಬದೊಳಗೆ ಹುಗಿದಳು.

"ಎಂತ, ಫೋನ್ ನೀರಿಗೆ ಬಿತ್ತಾ?" ಝೀಟಾಬಾಯಿ ಕೇಳಿದರು.

"ಹೌದು," ಎಂದಳು.

ಬೆಳಿಗ್ಗೆ ಝೀಟಾಬಾಯಿ ಚಹಾ ಇಡುತ್ತಾ ಶುರು ಮಾಡಿದರು. "ಅಲ್ಲ ಜೋಸಿ, ನಿನ್ನೆ ನೀನು ಮಲಗಿದ ಮೇಲೆ ನನ್ನ ಫೋನಿಗೆ ಲಿಯೋನೆಲ್…"

"ಮಮ್ಮಿ, ಬೇಡ."

"ಕೇಳು ಮಗಾ, ಅವನು…"

"ಇಗರ್ಜಿಯಲ್ಲಿ ಪೂಜೆ ಮುಗಿಯುವವರೆಗೆ ಎಂತದೂ ಹೇಳಬೇಡ. ನಿನ್ನ ಕಾಲಿಗೆ ಬೀಳ್ತೇನೆ."

ಝೀಟಾಬಾಯಿ ಮಗಳ ಮುಖವನ್ನೇ ನೋಡಿದರು. ಮಾತು ನುಂಗುವ ಅಭ್ಯಾಸ ಆ ಹೆಂಗಸಿಗೆ ಹುಟ್ಟಿನಿಂದಲೂ ಇರಲಿಲ್ಲ, ಆದರೆ ಆ ದಿನ ನುಂಗಿದರು. ಜಪಸರ ಹುಡುಕಲು ಒಳಗೆ ಹೋದರು.

ಇಗರ್ಜಿಯಲ್ಲಿ ಜೋಸ್ಲಿನ್‌ಳ ಕಣ್ಣು ಗಂಡಸರ ಸಾಲುಗಳಲ್ಲಿ ತಡಕಾಡಿತು. ನೀನು ಎಲ್ಲಿರುತ್ತೀಯೋ ಅಲ್ಲಿಗೆ ಬರ್ತೇನೆ ಎಂದಿದ್ದವನು ಎಲ್ಲೂ ಇರಲಿಲ್ಲ. ಪ್ರಾರ್ಥನೆಗಳಿಗೆ ಅವಳ ಬಾಯಿ ತಾನಾಗಿ ಉತ್ತರ ಕೊಡುತ್ತಿತ್ತು. ಪರಮಪ್ರಸಾದ ಮುಗಿಯಿತು. ಪಾದ್ರಿಗಳು ಪ್ರಕಟಣೆಯ ಕಾಗದ ಬಿಡಿಸಿದರು. ಎದ್ದು ಹೋಗುವ ಹೊತ್ತು.

ಝೀಟಾಬಾಯಿ ಮೊಣಕೈಯಿಂದ ತಿವಿದರು. "ಹೊರಗೆ ಹೋಗುವುದಿಲ್ವಾ?"

ಅವಳ ಕಾಲು ಆಗಲೇ ಅರ್ಧ ಎದ್ದಿತ್ತು. ಹೊರಗೆ ಹೋದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಶಾರ್ಲೆಟ್ ಬಾಗಿಲಿನಿಂದ ಬರುತ್ತಾಳೆ, ಅವಳ ಮುಖ ನೋಡಿಯೇ ಸುದ್ದಿ ತಿಳಿಯಬೇಕು. ಮತ್ತೆ ಹನ್ನೆರಡು ವರ್ಷ ಆ ಮರ. ಅವಳು ಪುನಃ ಕುಳಿತಳು. ಓದದೆ ಕಾಗದ ಮಡಚುವುದಾದರೆ ಮಡಚಲಿ. ತಲೆಗಳು ತಿರುಗುವುದಾದರೆ ತಿರುಗಲಿ. ಈ ಸಲ ತನ್ನ ಕಿವಿಯಿಂದಲೇ ಕೇಳಬೇಕು.

"ಇಲ್ಲ," ಎಂದಳು. "ಇಲ್ಲೇ ಇರ್ತೇನೆ."

"ಅಯ್ಯೋ ದೇವರೇ," ಎಂದು ಝೀಟಾಬಾಯಿ ಕಿಟಕಿಯ ಕಡೆ ನೋಡಿದರು.

ಪಾದ್ರಿಗಳು ವಾರ್ಡಿನ ಮೀಟಿಂಗ್ ಬಗ್ಗೆ ಹೇಳಿದರು. ಗಾಯನ ಮಂಡಳಿಯ ಅಭ್ಯಾಸದ ಬಗ್ಗೆ ಹೇಳಿದರು. ಆಮೇಲೆ ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು. ಜೋಸ್ಲಿನ್ ಮುಂದಿನ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

"ಮದುವೆಯ ಪ್ರಕಟಣೆ. ಎರಡನೇ ಸಲ." ಪಾದ್ರಿಗಳು ಕೆಮ್ಮಿದರು. "ಕಾರ್ಕಳದ ಗ್ರೆಗರಿ ಮತ್ತು ಸೆವ್ರಿನ್ ಅವರ ಮಗ ಲಿಯೋನೆಲ್. ಕೆಮ್ಮಣ್ಣಿನ ದಿವಂಗತ ಸಿಲ್ವೆಸ್ಟರ್ ಮತ್ತು ಝೀಟಾ ಅವರ ಮಗಳು ಜೋಸ್ಲಿನ್."

ತನ್ನ ಹೆಸರನ್ನು ಆ ಮೈಕಿನಲ್ಲಿ ಎರಡನೇ ಸಲ ಕೇಳಿದರೆ ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಳು ಬಂತು. ಅದರ ಬೆನ್ನಿಗೇ ಇನ್ನೊಂದು ಹೆದರಿಕೆ ಬಂತು: ಅವನ ಫೋನ್ ಪಾದ್ರಿಗಳಿಗೆ ತಲುಪದೆ ಇದ್ದಿರಬಹುದು. ಹೆಸರು ಇಲ್ಲಿತ್ತು, ಮನುಷ್ಯ ಎಲ್ಲಿ?

"ಕೇಳಿದೆಯಲ್ಲ, ಇನ್ನಾದರೂ ಏಳು," ಝೀಟಾಬಾಯಿ ಪಿಸುಗುಟ್ಟಿದರು. "ಅವನು ಆಗಿನಿಂದ ಆ ಮರದ ಕೆಳಗೆ ನಿಂತಿದ್ದಾನೆ. ಹೇಳಲಿಕ್ಕೆ ನೀನು ಬಿಡಬೇಕಲ್ಲ."

ಪಕ್ಕದ ಬಾಗಿಲಿನವರೆಗೆ ಅವಳು ನಡೆದದ್ದೋ ಓಡಿದ್ದೋ, ನೋಡಿದವರೇ ಹೇಳಬೇಕು.

ಅವನು ಬಾದಾಮಿ ಮರದ ಕೆಳಗೆ, ಅವಳು ಯಾವಾಗಲೂ ನಿಲ್ಲುವ ಜಾಗದಲ್ಲೇ, ಬಾವಿಯ ಕಟ್ಟೆಗೆ ಕೈಯೂರಿ ನಿಂತಿದ್ದ. ಅಂಗಿ ಮುದ್ದೆಯಾಗಿತ್ತು, ನಿನ್ನೆಯದೇ ಇರಬೇಕು. ಅವಳನ್ನು ಕಂಡು ಅವನ ಬಿಳಿಚಿದ ಮುಖಕ್ಕೆ ಬಣ್ಣ ಮರಳಿದ್ದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

"ನೀನು ಒಳಗಿದ್ದದ್ದಾ?" ಅವನು ಕೇಳಿದ. "ಇಲ್ಲಿರ್ತೇನೆ ಅಂತ ಹೇಳಿದ್ದು ನೀನೇ ಅಲ್ವಾ? ಶುರುವಿನಿಂದ ಇಲ್ಲಿಯೇ ಇದ್ದೇನೆ. ನೀನು ಬರಲಿಲ್ಲ. ನೀನೇ ಬಿಟ್ಟು ಹೋದೆ ಅಂತ ಎಣಿಸಿದೆ."

"ನಿನ್ನೆ ಎಲ್ಲಿದ್ದೆ?"

"ಪ್ರಾಕ್ಟೀಸಿನಲ್ಲಿ ನಿಖಿತಾ ಅಂತ ನನ್ನ ಹೈಜಂಪ್ ಹುಡುಗಿಯ ಕೈ ಮುರಿಯಿತು. ಬೆಳಿಗ್ಗೆ ಅವಳ ಮನೆಯವರು ಬರುವವರೆಗೆ ಆಸ್ಪತ್ರೆಯಲ್ಲಿದ್ದೆ. ಎಷ್ಟು ಸಲ ಫೋನ್ ಮಾಡಿದೆ. ನಿನ್ನ ಫೋನಿಗೆ ಎಂತ ಆಯ್ತು?"

"ಅಕ್ಕಿಯಲ್ಲಿ ಉಂಟು."

ಅವನಿಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. "ಓದಿದರಾ?" ಎಂದ. "ಇಲ್ಲಿಗೆ ಸದ್ದು ಬರ್ತದೆ, ಮಾತು ಒಂದೂ ತಿಳಿಯುವುದಿಲ್ಲ. ಓದಿದರೋ ಇಲ್ವೋ ಅಂತ ನಿಂತು ನಿಂತು…" ಅವನು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅವು ಬೆವರಿದ್ದವು. "ನೀನು ಇಷ್ಟು ವರ್ಷ ಇಲ್ಲಿ ಹೇಗೆ ನಿಂತಿದ್ದೆ, ಜೋಸಿ? ನನಗೆ ಒಂದು ಸಲಕ್ಕೇ ಸಾಕಾಯ್ತು."

ಅವಳು ಇಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ಇನ್ನು ಬೇಕಾಗಲಿಲ್ಲ. ಅವನ ಒದ್ದೆ ಅಂಗೈಯನ್ನು ತನ್ನ ಒದ್ದೆ ಅಂಗೈಯಲ್ಲಿ ಹಿಡಿದಳು.

"ಓದಿದರು," ಎಂದಳು. "ನಿನ್ನ ಹೆಸರು ಮೊದಲು, ಆಮೇಲೆ ನನ್ನದು. ನಾನೇ ಕೇಳಿದೆ."

ಅವನು ನಕ್ಕ. ಆ ಕೋರೆಹಲ್ಲು ಇಣುಕಿತು, ಪಕ್ಕದಲ್ಲಿ ಅವಳು ಮಾಡಿದ ಹಲ್ಲು. ಬಣ್ಣ ಚೆನ್ನಾಗಿ ಹೊಂದಿಕೊಂಡಿದೆ ಎಂದು ಅವಳಿಗೆ ಆ ಹೊತ್ತಿನಲ್ಲೂ ಅನ್ನಿಸಿತು. ಒಳಗೆ ಎಲ್ಲರೂ ಆಶೀರ್ವಾದಕ್ಕೆ ಎದ್ದು ನಿಲ್ಲುವ ಸದ್ದಾಯಿತು.

"ಬಾ, ಒಳಗೆ ಹೋಗುವ."

"ಈಗಲಾ? ಎಲ್ಲರೂ ನೋಡ್ತಾರೆ."

"ನೋಡಲಿ. ಮುಂದಿನ ವಾರವೂ ನೋಡಬೇಕಲ್ಲ. ಮೂರನೇ ಬೆಂಚು, ನೆನಪಿರಲಿ."

ಪಕ್ಕದ ಬಾಗಿಲಿಗೆ ನಾಲ್ಕೈದು ಮೆಟ್ಟಿಲುಗಳಿದ್ದವು. ಅವನ ಬಲಗಾಲಿಗೆ ಅದು ಸುಲಭವಿರಲಿಲ್ಲ, ಅವಳು ಅವಸರ ಮಾಡಲಿಲ್ಲ. ಬಾಗಿಲಲ್ಲಿ ಇಬ್ಬರೂ ಕಾಣಿಸಿಕೊಂಡಾಗ ಮೊದಲು ಶಾರ್ಲೆಟ್ ತಿರುಗಿದಳು, ಆಮೇಲೆ ಅವಳ ಪಕ್ಕದವಳು, ಆಮೇಲೆ ಒಂದೊಂದೇ ತಲೆ. ಜೋಸ್ಲಿನ್ ಅವನ ಕೈ ಬಿಡದೆ ತಾಯಿಯ ಪಕ್ಕಕ್ಕೆ ಹೋಗಿ ನಿಂತಳು.